ಬರೀ ನೀರಿನ ಸಾಲಿಗೆ ಹುಸೇನಮ್ಮನ ಕಾವಲು

ಬೆಳಗಿನ ಆರು ಗಂಟೆ. ಹೈದರಾಬಾದಿನ ಲಿಂಗಂಪಲ್ಲಿಯಿಂದಾಚೆ, ಒಂದು ಪ್ರಯೋಗದ ಹೊಲದಲ್ಲಿ ಹುಸೇನಮ್ಮ ಟೊಮೆಟೊ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಯಿ ಎಣಿಸುತ್ತಿದ್ದಾರೆ. ಎಣಿಸುವಾಗ ಯಾರೂ ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಮತ್ತೆ ಒಂದರಿಂದ ಶುರು, ಜೊತೆಗೊಂದು ಬಿರುನೋಟ ಪುಕ್ಕಟೆ. ಬಿಸಿಲೇರುವ ಮೊದಲು ನೂರು ಗಿಡಗಳ ಎತ್ತರ, ಕಾಯಿ ಎಲ್ಲವೂ ಅವರ ಪುಸ್ತಕ ಸೇರಬೇಕು.

ಅರ್ಧ ಗಿಡಗಳಿಗೆ ಕಡಲ ಪಾಚಿಯಿಂದ ತೆಗೆದ ಜೈವಿಕ ಉತ್ತೇಜಕ ಸಿಂಪಡಿಸಿದ್ದಾರೆ. ಅದು ಗೊಬ್ಬರವೂ ಅಲ್ಲ, ಹುಳ ಕೊಲ್ಲುವ ಔಷಧವೂ ಅಲ್ಲ. ಬಿಸಿಲು ತಾಳಲು, ಮಣ್ಣಿನ ಸತ್ವ ಹೀರಲು ಗಿಡಕ್ಕೆ ಕೊಡುವ ಒತ್ತಾಸೆ. ರೈತರು ಈಗೀಗ ಇಂಥ ಡಬ್ಬಿಗಳನ್ನು ಕೇಳಿ ಒಯ್ಯುತ್ತಿದ್ದಾರೆ. ಉಳಿದರ್ಧ ಗಿಡಗಳಿಗೆ ಬರೀ ನೀರು. ಎರಡರ ನಡುವೆ ಎಷ್ಟು ವ್ಯತ್ಯಾಸ ಎಂಬುದರ ಮೇಲೆ ಡಬ್ಬಿಯ ಹಣೆಬರಹ ನಿಂತಿದೆ.

ಯಾದಗಿರಿ ಕಡೆಯ ಹುಸೇನಮ್ಮ ಗಂಡ ಹಂಪಯ್ಯನ ಜೊತೆ ಹೈದರಾಬಾದಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಎಂಟು ವರ್ಷ ಕಾಂಕ್ರೀಟ್ ಪುಟ್ಟಿ ಹೊತ್ತು ಕುತ್ತಿಗೆ ಕೈಕೊಟ್ಟಾಗ ಈ ಹೊಲದ ಕೆಲಸ ಸಿಕ್ಕಿತು. ಮೊದಲ ಬೇಸಿಗೆಯಲ್ಲೇ ಎಡವಟ್ಟು ಮಾಡಿಕೊಂಡರು. ಬರೀ ನೀರಿನ ಸಾಲು ಬಾಡಿದ್ದು ನೋಡಲಾಗದೆ, ಪಂಪಿನಲ್ಲಿ ಉಳಿದಿದ್ದ ಪಾಚಿ ರಸವನ್ನು ಅದಕ್ಕೂ ಹೊಡೆದುಬಿಟ್ಟರು. ಗಿಡ ಚೇತರಿಸಿಕೊಂಡವು, ಪ್ರಯೋಗ ಮಕಾಡೆ ಮಲಗಿತು. ಅಂಕಿ ತಾಳೆಯಾಗದೆ ಹೊಲದ ವಿಜ್ಞಾನಿ ಹರ್ಷದಾ ತಲೆ ಕೆಡಿಸಿಕೊಂಡಿದ್ದಾಗ ಹುಸೇನಮ್ಮ ತಾವಾಗಿಯೇ ಹೋಗಿ ಹೇಳಿದರು.

“ಒಣಗೋ ಗಿಡ ನೋಡಿ ಕೈ ಸುಮ್ಮನ ಕೂಡಲಿಲ್ರಿ. ನನ್ನ ಕನಿಕರಕ್ಕ ಎಲ್ಲಾರ ದುಡಿಮಿ ಮಣ್ಣಪಾಲಾತು. ಕೆಲಸ ಹೋತು ಅಂತ ಬುತ್ತಿ ಗಂಟು ಹಿಡಕೊಂಡು ನಿಂತಿದ್ನಿ,” ಎಂದು ಈಗ ನಗುತ್ತಾರೆ.

ಕೆಲಸ ಹೋಗಲಿಲ್ಲ. ಯಾರೂ ಕೇಳದೆಯೇ ತಪ್ಪೊಪ್ಪಿಕೊಂಡವರಿಗಿಂತ ನಂಬಿಕಸ್ಥರು ಬೇಕೇ ಎಂದು ಹರ್ಷದಾ ಎಣಿಕೆಯನ್ನೇ ಅವರಿಗೆ ಒಪ್ಪಿಸಿದರು. ಅಂಕಿ ಬರೆಯಲು ಕಲಿಸಿದವರೂ ಅವರೇ. ಹೋದ ವರ್ಷ ಗೆದ್ದು ಅಂಗಡಿ ಸೇರಿದ ಡಬ್ಬಿಯ ಎಣಿಕೆ ಹುಸೇನಮ್ಮನದು.

ಈ ಸಲದ ಡಬ್ಬಿ ಮಾತ್ರ ಸತಾಯಿಸುತ್ತಿದೆ. ಮಳೆಗಾಲಕ್ಕೆ ಅದು ಮಾರಾಟಕ್ಕೆ ಬರಬೇಕು, ಆದರೆ ಎರಡೂ ಸಾಲುಗಳ ಫಸಲು ಸರಿಸಮ. ಕಳೆದ ವಾರ ತಯಾರಕರ ಕಡೆಯವನೊಬ್ಬ ಬಂದು, ಪಾಚಿ ರಸ ಹೊಡೆದ ಸಾಲಿನ ಹೀಚುಗಳನ್ನೂ ಎಣಿಕೆಗೆ ಸೇರಿಸಬಾರದೇ ಎಂದು ನಯವಾಗಿ ಕೇಳಿದ. ಹುಸೇನಮ್ಮ ತಲೆ ಎತ್ತಲಿಲ್ಲ.

“ಸೇರಸೋಣ್ರಿ. ಹಂಗಾದ್ರ ನೀರಿನ ಸಾಲಿನವೂ ಸೇರಸ್ತೀನಿ.”

ಆತ ಮತ್ತೆ ಇತ್ತ ಸುಳಿದಿಲ್ಲ.

ಇಂದು ಕೊನೆಯ ಎಣಿಕೆ. ಎಂಟೂವರೆಗೆ ಮುಗಿಯುತ್ತದೆ. ವ್ಯತ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದ ಪುಸ್ತಕವನ್ನು ಓದಿ, ಈ ಡಬ್ಬಿ ಅಂಗಡಿಗೆ ಹೋಗುವುದಿಲ್ಲ ಎನ್ನುತ್ತಾರೆ ಹರ್ಷದಾ. ಹುಸೇನಮ್ಮ ಕೈ ತೊಳೆದು ಬದುವಿನ ಮೇಲೆ ಕೂರುತ್ತಾರೆ.

“ಊರಾಗ ನಮ್ಮಣ್ಣ ಬೂದೆಪ್ಪ ಅಂಗಡ್ಯಾವ ಹೇಳಿದ್ದು ನಂಬಿ ಇಂಥವು ಒಯ್ತಾನ್ರಿ. ಇಲ್ಲಿ ಒಬ್ಬಾಕಿ ಕುಂತು ಎಣಸಾಕತ್ತಾಳ ಅಂತ ಅವಗ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ. ಅವ ಮೋಸ ಹೋಗಲಿಲ್ಲ ಅಂದ್ರ ಸಾಕು.”