ನೀರಕ್ಕ ಕೊಡದೆ ಉಳಿಸಿಕೊಂಡ ಸೀಸೆ

ಆಕೆಯನ್ನು ಮನೆಯಲ್ಲೂ ಕೆಲಸದ ಜಾಗದಲ್ಲೂ ಎಲ್ಲರೂ ಕರೆಯುತ್ತಿದ್ದುದು ನೀರಕ್ಕ ಎಂದೇ. ಕಿಟಕಿಯಿಲ್ಲದ ನೆಲಮಾಳಿಗೆಯ ಕೋಣೆಯಲ್ಲಿ, ಅಗಲವಾದ ತಟ್ಟೆಯೊಂದರಲ್ಲಿ ನೀರಿಟ್ಟುಕೊಂಡು ಅದರ ಮೇಲ್ಮೈಯನ್ನು ಅಭ್ಯಾಸ ಮಾಡುವುದು ಆಕೆಯ ಉದ್ಯೋಗ. "ಇಷ್ಟು ವರ್ಷದಿಂದ ಆ ನೀರನ್ನೇ ದಿಟ್ಟಿಸ್ತಾ ಕೂತಿದ್ದೀಯಲ್ಲಮ್ಮಾ, ಒಂದು ಮೀನಾದ್ರೂ ಸಿಕ್ತಾ?" ಎಂದು ಅಪ್ಪ ಕಾಲೆಳೆಯುತ್ತಿದ್ದರು.

ಆಕೆ ಹುಡುಕುತ್ತಿದ್ದುದು ನೀರಿನ ಅಣುಗಳ ಮುಖ ಯಾವ ಕಡೆಗಿದೆ ಎಂಬುದನ್ನು. ಕಣ್ಣಿಗೆ ಕಾಣುವ ಒಂದು ಲೇಸರ್ ಕಿರಣ, ಕಾಣದ ಇನ್ನೊಂದು, ಎರಡನ್ನೂ ನೀರಿನ ಒಂದೇ ಬಿಂದುವಿಗೆ ಹಾಯಿಸಿದರೆ ಅಲ್ಲಿಂದ ಬೇರೊಂದು ಬಣ್ಣದ ಕ್ಷೀಣ ಬೆಳಕು ಹೊರಡುತ್ತದೆ. ಆಳದ ನೀರು ಅದನ್ನು ಕೊಡುವುದಿಲ್ಲ, ಅಲ್ಲಿನ ಅಣುಗಳು ದಿಕ್ಕಿಗೊಂದರಂತೆ ತಿರುಗಿಕೊಂಡಿರುತ್ತವೆ. ಸಾಲಾಗಿ ನಿಂತ ಮೇಲ್ಪದರ ಮಾತ್ರ ಕೊಡುತ್ತದೆ. ಆ ಬೆಳಕಿನ ಪ್ರಖರತೆಯನ್ನಷ್ಟೇ ಅಳೆದರೆ ಅಣುಗಳು ಮೇಲೆ ನೋಡುತ್ತಿವೆಯೋ ಕೆಳಗೋ ತಿಳಿಯದು. ಅದಕ್ಕೆ ಆ ಬೆಳಕಿನ ಅಲೆಯ ಏರಿಳಿತವನ್ನೂ ಹಿಡಿಯಬೇಕು, ಗೊತ್ತಿರುವ ಇನ್ನೊಂದು ಬೆಳಕಿನ ಜೊತೆ ಬೆರೆಸಿ ಹೋಲಿಸಬೇಕು. ತಟ್ಟೆಯ ನೀರು ಆವಿಯಾಗಿ ಮಟ್ಟ ಕೂದಲೆಳೆಗಿಂತ ಕಡಿಮೆ ಇಳಿದರೂ ಲೆಕ್ಕ ತಲೆಕೆಳಗಾಗುತ್ತದೆ. ಹೊರಗೆ ಲಾರಿ ಹೋದರೂ ತಟ್ಟೆ ಅದುರೀತೆಂದು ನೀರಕ್ಕ ಹಲ್ಲು ಕಚ್ಚುತ್ತಿದ್ದಳು.

ಆ ವರ್ಷ ಆಕೆ ಶ್ವಾಸಕೋಶದ ಪೊರೆಯ ಬೆನ್ನು ಹತ್ತಿದ್ದಳು. ನಮ್ಮ ಎದೆಯೊಳಗಿನ ಗಾಳಿಗೂಡುಗಳ ಒಳಗೋಡೆ ಒದ್ದೆ. ಆ ಒದ್ದೆಯ ಮೇಲೆ ಕೊಬ್ಬಿನ ತೆಳುಪೊರೆಯೊಂದು ಹರಡಿರದಿದ್ದರೆ ಉಸಿರು ಬಿಟ್ಟಾಗ ಗೂಡುಗಳು ಮುದುಡಿ ಅಂಟಿಕೊಂಡುಬಿಡುತ್ತವೆ. ಪೊರೆ ಹರಿಯದಂತೆ ಕಾಯುವುದು ಒಂದು ಪ್ರೋಟೀನು. ಅದರ ಒಂದು ತುಣುಕನ್ನು ಕೃತಕವಾಗಿ ಮಾಡಿಸಿ, ಪುಟ್ಟ ಸೀಸೆಯಲ್ಲಿ ಹಿಮಪೆಟ್ಟಿಗೆಯಲ್ಲಿಟ್ಟಿದ್ದಳು.

ಅದೇ ಹೊತ್ತಿಗೆ ತಂಗಿಗೆ ಹೆಣ್ಣು ಮಗುವಾಯಿತು. ತಂಗಿ ಹೊಲಿಗೆ ಅಂಗಡಿಯವಳು, ಬಾಯಿ ಜೋರು, ಅಕ್ಕನೆಂದರೆ ಪ್ರಾಣ. ಮಗು ತಿಂಗಳು ತುಂಬಿಯೇ ಹುಟ್ಟಿತ್ತು. ಆದರೂ ಉಸಿರಿಗೆ ತಿಣುಕುತ್ತಿತ್ತು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ಪೊರೆಯ ಔಷಧಿ ಹಾಕಿದರು. ಮೈ ಕೆಂಪಗಾಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಕೆಲವೇ ಗಂಟೆಗಳಲ್ಲಿ ಮತ್ತೆ ನೀಲಿ. ಇನ್ನೊಮ್ಮೆ ಹಾಕಿದರೂ ಅದೇ ಕಥೆ. ಕೊನೆಗೆ ಪರೀಕ್ಷೆಯ ಫಲಿತಾಂಶ ಬಂತು: ಆ ಪ್ರೋಟೀನನ್ನು ಮಾಡಿಕೊಳ್ಳುವ ಶಕ್ತಿಯೇ ಮಗುವಿನ ಮೈಗೆ ಇಲ್ಲ.

ಡಾಕ್ಟರಮ್ಮ ವಿವರಿಸುವಾಗ ನೀರಕ್ಕನಿಗೆ ಪ್ರತಿ ಮಾತೂ ಅರ್ಥವಾಗುತ್ತಿತ್ತು, ಅದೇ ಹಿಂಸೆ.

ಕೈ ತೊಳೆಯುವ ತೊಟ್ಟಿಯ ಬಳಿ ತಂಗಿ ಆಕೆಯ ತೋಳು ಹಿಡಿದಳು. "ಅಕ್ಕಾ, ಆ ಪ್ರೋಟೀನು ನಿನ್ನ ಹತ್ರ ಇದೆ ಅಂದಿದ್ದೆ."

"ಅದರ ತುಣುಕು ಕಣೇ. ಔಷಧಿ ಅಲ್ಲ ಅದು."

"ಔಷಧಿ ಎಲ್ಲಾ ಮುಗೀತಲ್ಲ! ತಂದುಕೊಡು. ನಿನ್ನ ಕಾಲಿಗೆ ಬೀಳ್ತೀನಿ."

ನೀರಕ್ಕ ಡಾಕ್ಟರಮ್ಮನನ್ನು ಕೇಳಿದಳು. ಅವರು ಸಿಟ್ಟಾಗಲಿಲ್ಲ. "ನೀವೇ ಹೇಳಿ, ಅದನ್ನ ಯಾರ ಮೈಗಾದ್ರೂ ಹಾಕಿ ನೋಡಿದ್ದೀರಾ? ನಾನು ಹಾಕಲಾರೆ" ಎಂದರು.

ಆಕೆ ಆಟೋ ಹತ್ತಿ ಪ್ರಯೋಗಾಲಯಕ್ಕೆ ಓಡಿದಳು. ತಟ್ಟೆಯಲ್ಲಿ ಪೊರೆ ತಡೆದುಕೊಂಡರೆ ಸೀಸೆಯನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ತರುವುದು, ಡಾಕ್ಟರಮ್ಮನ ಕಾಲು ಹಿಡಿಯುವುದು, ಅದಕ್ಕೂ ಬಗ್ಗದಿದ್ದರೆ ತಾನೇ ಏನಾದರೂ ಮಾಡುವುದು ಎಂದು ನಿಶ್ಚಯಿಸಿದ್ದಳು. ತಟ್ಟೆಯ ನೀರಿನ ಮೇಲೆ ಕೊಬ್ಬನ್ನೂ ತುಣುಕನ್ನೂ ಹರಡಿ, ಉಸಿರಾಟದ ಹಾಗೆ ಪೊರೆಯನ್ನು ಎರಡೂ ಬದಿಯಿಂದ ಹಿಂಡುತ್ತಾ ಬಿಡುತ್ತಾ ಯಂತ್ರದ ಪರದೆಯತ್ತ ನೋಡಿದಳು. ಬೆಳಕಿನ ಅಳತೆಯ ಗೆರೆ ಎದ್ದು ನಿಂತಿತು. ಪೊರೆಯಡಿಯ ನೀರಿನ ಅಣುಗಳು ಶಿಸ್ತಾಗಿ ಮೇಲ್ಮುಖವಾಗಿದ್ದವು. ಮತ್ತೆ ಹಿಂಡಿದಳು, ಮತ್ತೆ. ಆಮೇಲೆ ಗೆರೆ ಬಾಗಿತು, ಸೊನ್ನೆಗಿಳಿಯಿತು. ತುಣುಕು ಮುದ್ದೆಗಟ್ಟಿ ಪೊರೆಯಿಂದ ಹೊರಬಿದ್ದಿತ್ತು. ಪೊರೆ ಹರಿದಿತ್ತು.

ನೀರು ಆವಿಯಾಗಿರಬೇಕು, ಲೆಕ್ಕ ತಪ್ಪಿರಬೇಕು ಎಂದುಕೊಂಡು ಮಟ್ಟ ಸರಿಪಡಿಸಿ ಹೊಸದಾಗಿ ಹರಡಿದಳು. ಮತ್ತೆ ಅದೇ. ದಿನವೂ ಏನಾದರೊಂದು ತಕರಾರು ತೆಗೆಯುತ್ತಿದ್ದ ಯಂತ್ರ ಅಂದು ಹೇಳಿದಂತೆ ಕೇಳುತ್ತಿತ್ತು. ಅದು ಕೆಟ್ಟಿರಲಿ ಎಂದು ನೀರಕ್ಕ ಹಂಬಲಿಸಿದ್ದು ಅದೊಂದೇ ದಿನ.

ಬರಿಗೈಯಲ್ಲಿ ಮರಳಿದ ಅಕ್ಕನನ್ನು ಕಂಡು ತಂಗಿ ಎದ್ದು ನಿಂತಳು.

"ಹಿಡಿಯಲ್ಲ ಕಣೇ ಅದು. ನೋಡ್ಕೊಂಡೇ ಬಂದೆ."

"ತಟ್ಟೇಲಿ ನೋಡಿದ್ಯಾ? ನನ್ನ ಮಗು ತಟ್ಟೇನಾ? ಕೆಲಸ ಹೋಗತ್ತೆ ಅಂತ ಭಯ ನಿಂಗೆ!"

ಅಮ್ಮ ತಂಗಿಯ ಬಾಯಿ ಮುಚ್ಚಿಸಲು ಹೋದರು. ನೀರಕ್ಕ, "ಬೈಲಿ ಬಿಡಮ್ಮಾ" ಎಂದು ಗೋಡೆಗೊರಗಿ ಕೂತಳು.

ಮರುದಿನ ಬೆಳಿಗ್ಗೆ, ಇನ್ನು ಉಪಾಯವಿಲ್ಲವೆಂದು ಕೊಳವೆ ತೆಗೆದು ಮಗುವನ್ನು ತಂಗಿಯ ಮಡಿಲಿಗೆ ಕೊಟ್ಟರು. ಅಲ್ಲೇ ಹೋಯಿತು. ತಂಗಿಯ ಗಂಡ ಟೋಪಿ, ಕಾಲುಚೀಲಗಳನ್ನು ಚೀಲಕ್ಕೆ ತುಂಬುತ್ತಾ, ಅದರ ಬಾಯಿ ಕಟ್ಟಲಾಗದೆ ಬಹಳ ಹೊತ್ತು ಒದ್ದಾಡುತ್ತಿದ್ದ.

ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೆಲಮಾಳಿಗೆಯ ಬಾಗಿಲಲ್ಲಿ ಬಂದು ನಿಂತಳು. ಬಹಳ ಇಳಿದುಹೋಗಿದ್ದಳು. "ಅವತ್ತು ನೀನು ನೋಡಿದ್ದನ್ನ ನಂಗೂ ತೋರ್ಸು."

ನೀರಕ್ಕ ಪೊರೆ ಹರಡಿ ತೋರಿಸಿದಳು. ಗೆರೆ ಎದ್ದಿತು, ನಿಂತಿತು, ಕುಸಿಯಿತು. ತಂಗಿ ಕಣ್ಣು ಮಿಟುಕಿಸಲಿಲ್ಲ.

"ಮೊದ್ಲು ಹಿಡ್ಕೊಂಡಿತ್ತಲ್ವಾ?"

"ಹೂಂ. ಕೆಲವು ಉಸಿರಿನಷ್ಟು."

"ಅಷ್ಟಾದ್ರೂ ಸಿಗ್ತಿತ್ತು ನಂಗೆ."

ಆ ಕೆಲವು ಉಸಿರು ಸಿಕ್ಕಿದ್ದರೂ ಆಮೇಲೆ ಆ ಮುದ್ದೆಗಳು ಎಳೆಯ ಎದೆಯೊಳಗೆ ಏನು ಮಾಡುತ್ತಿದ್ದವೋ ಯಾರಿಗೂ ಗೊತ್ತಿಲ್ಲ ಎಂದು ಹೇಳಬಹುದಿತ್ತು. ನೀರಕ್ಕ ಪರದೆಯನ್ನು ಆರಿಸಿದಳು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಈಗ ಅವಳು ಅಂಗಡಿ ತೆರೆದಿದ್ದಾಳೆ, ಮಕ್ಕಳ ಬಟ್ಟೆ ಮಾತ್ರ ಹೊಲಿಯುವುದಿಲ್ಲ. ಅಕ್ಕತಂಗಿಯರು ಫೋನಿನಲ್ಲಿ ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ, ಆಮೇಲೆ ಯಾರಾದರೊಬ್ಬರು ಫೋನಿಡುತ್ತಾರೆ. ನೀರಕ್ಕ ಉದ್ದದ ಇನ್ನೊಂದು ತುಣುಕನ್ನು ಮಾಡಿಸಿದ್ದಾಳೆ. ಅದೂ ಇನ್ನೂ ಹಿಡಿಯುತ್ತಿಲ್ಲ.