ಹಿಲ್ಕಳ ಪೂರ್ತಿ ಕ್ರಿಯಾಪದಗಳು

ಹಿಲ್ಕ ಒಂದು ಕ್ರಿಯಾಪದವನ್ನು ಬಾಲದ ತನಕ ಉಚ್ಚರಿಸಿದರೆ ಮೂರೂರಿನ ನಾಯಿಗಳು ಮಂಚದಡಿ ಸೇರುತ್ತವೆ, ಹಸುಗಳು ಹಾಲು ಬಿಗಿಹಿಡಿಯುತ್ತವೆ, ಪಾದ್ರಿಗಳು ಪರದೆ ಸರಿಸಿ ಆಕಾಶ ನೋಡುತ್ತಾರೆ ಎಂದು ಫಿನ್ಲೆಂಡಿನ ನಮ್ಮೂರು ಪೊರ್ರಯಾರ್ವಿಯಲ್ಲಿ ಹೇಳುತ್ತಾರೆ. ಇದರಲ್ಲಿ ಹಸುಗಳ ಸಂಗತಿ ಮಾತ್ರ ಸುಳ್ಳು.

ಫಿನ್ನಿಶ್ ಕ್ರಿಯಾಪದಗಳಿಗೆ ಎರಡು ಉಡುಪು. ಪುಸ್ತಕದಲ್ಲೂ ವಾರ್ತೆಯಲ್ಲೂ 'ಹೋಗುತ್ತೇವೆ' ಎನ್ನಲು 'ಮೆನೆಮ್ಮೆ'. ಹೋಗುವವರು ನಾವೇ ಎಂದು ಅದರ ಬಾಲದಲ್ಲೇ ಬರೆದಿರುತ್ತದೆ. ಬಾಯಿಮಾತಿನಲ್ಲಿ ಅದು 'ಮೆನ್ನ್ಯಾನ್': ಹೋಗೋದು ಅಂತ ಇದೆ, ಯಾರು ಅಂತ ಗಟ್ಟಿಯಾಗಿ ಹಿಡಿಯಬೇಡಿ. 'ಅವರು ಬರುತ್ತಾರೆ' ಎಂಬುದು 'ಅವು ಬರುತ್ತೆ' ಆಗುತ್ತದೆ. ಪಾದ್ರಿಗಳು, ಹಿಮಸಾರಂಗ, ಸಂಜೆಯ ಬಸ್ಸು, ಎಲ್ಲವೂ ನಮ್ಮಲ್ಲಿ ಒಂದೇ 'ಬರುತ್ತೆ'ಯಲ್ಲಿ ಬಂದು ಇಳಿಯುತ್ತವೆ. ಪೂರ್ತಿ ಕ್ರಿಯಾಪದವನ್ನು ಅಡುಗೆಮನೆಯಲ್ಲಿ ಬಳಸುವುದೆಂದರೆ ಬಿಸಿಹಬೆಯ ಸೌನಾಕ್ಕೆ ಕೋಟು ಹಾಕಿಕೊಂಡು ಹೋದ ಹಾಗೆ.

ಹಿಲ್ಕ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸಾರು ಕಲಕಿದವಳು. ಅವಳ ಕ್ರಿಯಾಪದಗಳು ಊರಿನಲ್ಲೇ ಅತಿ ಚಿಕ್ಕವು. ಆದರೆ ಹೆದರಿದಳೋ, ಅವು ಗುಂಡಿ ಹಾಕಿಕೊಂಡು, ಕಾಲರು ನೆಟ್ಟಗೆ ಮಾಡಿಕೊಂಡು ಹೊರಬರುತ್ತಿದ್ದವು. ಒಮ್ಮೆ ಜೌಗಿನಲ್ಲಿ ಹಣ್ಣು ಕೀಳುವಾಗ, "ಕರಡಿಯೊಂದು ನಮ್ಮ ಬುಟ್ಟಿಯಿಂದ ತಿನ್ನುತ್ತಿದೆ. ನಾವು ಹಿಂದೆ ಸರಿಯುತ್ತೇವೆ" ಎಂದಳು. ಜೊತೆಗಿದ್ದ ಮೂವರು ಬೂಟುಗಳನ್ನು ಕೆಸರಿಗೆ ದಾನ ಮಾಡಿ ಮನೆ ಸೇರಿದರು. ಇನ್ನೊಮ್ಮೆ, "ಚಾವಣಿಯು ಉರಿಯುತ್ತಿದೆ. ಮಕ್ಕಳು ಹೊರಗೆ ಹೋಗುತ್ತಾರೆ." ಹೆಡ್‌ಮಾಸ್ಟರು ಮಕ್ಕಳಿಗಿಂತ ಮೊದಲೇ ಹೊರಗಿದ್ದರು.

ಮೂರನೆಯ ಸಲ ನಾನೂ ಅಲ್ಲಿದ್ದೆ. ಈಗಲೂ ನೆನೆದರೆ ಅಂಗಾಲು ತಣ್ಣಗಾಗುತ್ತದೆ.

ಏಪ್ರಿಲ್ ತಿಂಗಳ ಮೀನು ಸ್ಪರ್ಧೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಮೂವತ್ತು ಜನ ಮಂಜುಗಡ್ಡೆಗೆ ತೂತು ಕೊರೆದು, ತಲೆಗೊಂದು ತೂತಿನಂತೆ ಕೂತಿದ್ದೆವು. ನಿಯಮ ಎರಡೇ. ಮಧ್ಯಾಹ್ನ ಒಂದು ಗಂಟೆಯ ಸೀಟಿಗೆ ಮುಂಚೆ ತೂತು ಬಿಟ್ಟು ಎದ್ದವನ ಮೀನು ಲೆಕ್ಕಕ್ಕಿಲ್ಲ. ಸೀಟಿ ಆದ ಮೇಲೆ ಹತ್ತು ನಿಮಿಷದೊಳಗೆ ತೂಕದ ಮೇಜಿಗೆ ತಲುಪದವನ ಮೀನೂ ಲೆಕ್ಕಕ್ಕಿಲ್ಲ. ಹಾಗಾಗಿ ಇಡೀ ವರ್ಷ ಯಾವುದಕ್ಕೂ ಓಡದ ನಮ್ಮ ಊರು ಆ ಸೀಟಿಗೆ ಮಾತ್ರ ದಂಡಾಗಿ ಓಡುತ್ತಿತ್ತು. ಮೇಜು ದಡಕ್ಕೆ ಹೋಗುವ ದಾರಿಯಲ್ಲಿ, ಮಂಜಿನ ಮೇಲೆಯೇ ಇತ್ತು. ಸೀಟಿ ಹಿಲ್ಕಳ ಕತ್ತಿನಲ್ಲಿತ್ತು.

ಹನ್ನೆರಡೂವರೆಗೆ ಅವಳು ಸೀಟಿಯನ್ನು ಬಾಯಿಗಿಟ್ಟದ್ದನ್ನು ನಾನು ನೋಡಿದೆ. ಊದಲಿಲ್ಲ. ತೆಗೆದಳು. ಮೇಜಿನ ಕಾಲುಗಳ ಸುತ್ತ ಬೂದುಬಣ್ಣದ ನೀರು ಸದ್ದಿಲ್ಲದೆ ಮೇಲೇರುತ್ತಿತ್ತು. ಆ ವರ್ಷ ವಸಂತ ಅವಸರಪಟ್ಟಿತ್ತು. ಅವಳು ನನ್ನ ಬಳಿ ಬಂದು, ಮೆಲ್ಲಗೆ, ವಾರ್ತೆ ಓದುವವಳಂತೆ ಹೇಳಿದಳು:

"ಮಂಜುಗಡ್ಡೆಯು ಮೇಜಿನ ಬಳಿ ಬಿರಿಯುತ್ತಿದೆ. ನಾನು ಸೀಟಿಯನ್ನು ಊದಿದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ನೀನು ಬಡಗಣ ಜೊಂಡಿನ ಕಡೆಯಿಂದ ದಡಕ್ಕೆ ಹೋಗುತ್ತೀಯೆ. ಓಡುವುದಿಲ್ಲ."

ಬಿರುಕನ್ನು ನಾನು ಆಮೇಲೆ ನೋಡಿದೆ. ಮೊದಲು ನಾನು ಗಾಳ ಕೆಳಗಿಟ್ಟದ್ದು ಆ 'ಹೋಗುತ್ತೀಯೆ'ಗೆ. ಎದ್ದೆ.

ಅವಳು ಒಂದೊಂದೇ ತೂತಿಗೆ ನಡೆದಳು. ಒಬ್ಬೊಬ್ಬರ ಕಿವಿಗೆ ಎರಡೆರಡು ಪೂರ್ತಿ ಕ್ರಿಯಾಪದ. ಬಾಯಿಬಡುಕ ಆಂಟೆರೋ ಕೂಡ "ಅಯ್ಯಯ್ಯೋ, ಹಿಲ್ಕ ಪುಸ್ತಕ ಓದ್ತಿದಾಳೆ ಕಣ್ರೋ" ಎಂದಷ್ಟೇ ಗೊಣಗಿ ಎದ್ದ. ಹತ್ತು ಹತ್ತು ಹೆಜ್ಜೆ ಅಂತರದಲ್ಲಿ, ನೀರಿಗೆ ಬಿದ್ದರೆ ಮಂಜಿಗೆ ಚುಚ್ಚಿ ಮೇಲೇರಲೆಂದು ಕತ್ತಿಗೆ ಕಟ್ಟಿಕೊಂಡಿದ್ದ ಮೊಳೆಗಳನ್ನು ಮುಷ್ಟಿಯಲ್ಲಿ ಹಿಡಿದು ನಡೆದೆವು. ಕಾಲಡಿಯಲ್ಲಿ ಸರೋವರ ಉದ್ದಕ್ಕೆ ನರಳಿತು. ಯಾರೂ ಹಿಂದೆ ತಿರುಗಲಿಲ್ಲ. ಬಿಟ್ಟುಬಂದ ತೂತುಗಳಿಂದ ನೀರು ಉಕ್ಕುವ ಗುಳುಗುಳು ಮಾತ್ರ ನಮ್ಮನ್ನು ಹಿಂಬಾಲಿಸಿತು.

ಒಂದಕ್ಕೆ ಐದು ನಿಮಿಷವಿತ್ತು. ಇಪ್ಪತ್ತೊಂಬತ್ತು ಜನ ದಡದಲ್ಲಿ. ಉಳಿದವನು ತೌನೋ, ಹಿಲ್ಕಳ ಗಂಡ, ಎಲ್ಲರಿಗಿಂತ ದೂರದ ತೂತು. ಹನ್ನೊಂದು ವರ್ಷ ಸತತವಾಗಿ ಎರಡನೆಯ ಬಹುಮಾನ ಪಡೆದ ಮಹಾರಥಿ. ಆ ದಿನ ಅವನ ಬಕೆಟ್ಟಿನಲ್ಲಿ ತೊಡೆಗಾತ್ರದ ಮೀನೊಂದಿತ್ತು. ಸೀಟಿ ಇರಲಿ ಇಲ್ಲದಿರಲಿ, ಗಡಿಯಾರ ಒಂದು ತೋರಿಸಿದೊಡನೆ ಅವನು ಬಕೆಟ್ಟು ಎತ್ತಿಕೊಂಡು ನೇರ ಮೇಜಿಗೆ ಓಡುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ಹಿಲ್ಕ ಅವನ ತೂತಿನ ಬಳಿ ತಲುಪಿದ್ದಳು. ಗಾಳಿ ಅವರ ಮಾತನ್ನು ದಡಕ್ಕೆ ತಂದು ಹಾಕುತ್ತಿತ್ತು.

"ತೌನೋ, ಎದ್ದೇಳು."

"ಸೀಟಿ ಎಲ್ಲಿ?"

"ಎದ್ದೇಳು, ಮುದುಕಾ!"

"ಏಳಲ್ಲ ಹೋಗೇ. ಯಾರ ಹತ್ರ ಲಂಚ ತಿಂದ್ಯೇ? ಆಂಟೆರೋ ಹತ್ರಾನಾ? ಐದು ನಿಮಿಷ ಐತೆ, ಇಲ್ಲೇ ಕೂತಿರ್ತೀನಿ."

ಹಿಲ್ಕಳ ಬೂಟಿನ ಸುತ್ತ ಮಂಜು ಕಪ್ಪಾಗುತ್ತಿತ್ತು. ಅವಳು ಗಂಡನ ಎದುರು ಮಂಡಿಯೂರಿ ಕೂತಳು.

"ನೀನು ಇಲ್ಲಿಯೇ ಕುಳಿತಿದ್ದರೆ ನಾನೂ ಕುಳಿತಿರುತ್ತೇನೆ. ನಾವಿಬ್ಬರೂ ಮುಳುಗುತ್ತೇವೆ."

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಪೂರ್ತಿ ಕ್ರಿಯಾಪದ ಕೊಟ್ಟದ್ದು ಅದೇ ಮೊದಲು. ಕರಡಿಯ ಮತ್ತು ಚಾವಣಿಯ ಕಥೆಗಳನ್ನು ಅವನು ಬೇರೆಯವರ ಬಾಯಲ್ಲಷ್ಟೇ ಕೇಳಿ ನಕ್ಕಿದ್ದ. ಎದ್ದ. ಬಕೆಟ್ಟಿಗೆ ಕೈ ಚಾಚಿದ, ಹೆಂಡತಿಯ ಮುಖ ನೋಡಿದ, ಕೈ ಹಿಂದೆಗೆದ. ಇಬ್ಬರೂ ಹೊಟ್ಟೆಯ ಮೇಲೆ ತೆವಳಿಕೊಂಡು ಜೊಂಡು ಸೇರಿದರು. ನಾವು ಹಗ್ಗ ಎಸೆದು ಎಳೆದುಕೊಂಡೆವು. ಅವರ ಹಿಂದೆ ತೂಕದ ಮೇಜು ಒಂದು ಪಕ್ಕಕ್ಕೆ ವಾಲಿ, ಸಭ್ಯವಾಗಿ ತಲೆಬಾಗಿ, ನೀರಿಗಿಳಿಯಿತು. ಮೂವತ್ತು ಜನ ಒಟ್ಟಿಗೆ ಅಲ್ಲಿ ನಿಂತಿದ್ದರೆ ಎಂಬ ಲೆಕ್ಕವನ್ನು ಎಲ್ಲರೂ ಅವರವರೊಳಗೇ ಮಾಡುತ್ತಿದ್ದರು.

ಬೆಂಕಿ ಹಾಕಿ ಕಾಫಿ ಕಾಯಿಸಿದೆವು. ತೌನೋ ಕಂಬಳಿಯೊಳಗೆ ಹೆಂಡತಿಯ ತೋಳು ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮೊದಲು ಬಾಯಿ ಬಂದದ್ದು, ಎಂದಿನಂತೆ, ಆಂಟೆರೋಗೆ.

"ಒಂದು ಮಾತು ಹೇಳೇ ಹಿಲ್ಕ. ಹೆದರಿದಾಗ ನಿನ್ನ ಮೈಮೇಲೆ ಏನು ಬರುತ್ತೆ? ನಮ್ಮಮ್ಮ ಹೇಳೋಳು, ಅದು ನಿಮ್ಮಜ್ಜಿ ದೆವ್ವ ಅಂತ. ಪಾದ್ರಿಗಳು ಹೇಳೋದು, ದೇವ್ರೇ ನಿನ್ನ ಬಾಯಲ್ಲಿ ಮಾತಾಡ್ತಾನೆ ಅಂತ. ಯಾವುದು ನಿಜ?"

ಹಿಲ್ಕ ಒದ್ದೆ ಕಾಲುಚೀಲ ಹಿಂಡಿ ಬೆಂಕಿಗೆ ಹಿಡಿದಳು.

"ಯಾವ್ದೂ ಇಲ್ಲ ಮಾರಾಯ. ಹಲ್ಲು ಕಟಕಟ ಅಂದಾಗ ಚಿಕ್ಕ ಮಾತು ಮುರಿದು ಹೋಗುತ್ತೆ, ಎರಡೆರಡು ಸಲ ಬಡ್ಕೋಬೇಕು. ಉದ್ದಕ್ಕೆ ಹೇಳಿದ್ರೆ ಒಂದೇ ಸಲಕ್ಕೆ ಕೇಳುತ್ತೆ."