ಅಳತೆಗೆ ಸಿಕ್ಕ ಪಕ್ಕೆ

ಮ್ಯೂಸಿಯಂನಲ್ಲಿ ನನ್ನ ದೊಡ್ಡಮ್ಮನನ್ನು ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ ಕೂತು ಮೂವತ್ತು ವರ್ಷ ಶಿಲ್ಪಗಳ ಅಚ್ಚು ತೆಗೆದು ಪ್ಲಾಸ್ಟರ್ ಪ್ರತಿ ಮಾಡಿದವಳು. ಗಂಡ ಬಿಟ್ಟುಹೋದ ಮೇಲೆ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ನೆಂಟರಾದ ನಾವೂ ವರ್ಷಕ್ಕೊಮ್ಮೆ ಮುಖ ತೋರಿಸಿ ಕೈತೊಳೆದುಕೊಳ್ಳುತ್ತಿದ್ದೆವು. ನಾನೇನೂ ಅದಕ್ಕೆ ಹೊರತಲ್ಲ.

ಕಣ್ಣು ಕಾಣದವರು ಮುಟ್ಟಿ ನೋಡಲೆಂದು ಒಂದು ಕೋಣೆ ಸಿದ್ಧವಾಗುತ್ತಿತ್ತು. ಅಲ್ಲಿಗೆ ಒಬ್ಬ ಸಂತಕವಯಿತ್ರಿಯ ಎರಡು ಶಿಲ್ಪಗಳ ಪ್ರತಿ ಬೇಕಿತ್ತು. ಚೆಲುವನ್ನೆಲ್ಲ ಶಿವನಿಗೆ ಒಪ್ಪಿಸಿ, ಪಿಶಾಚಿಯ ರೂಪ ಬೇಡಿ ಪಡೆದು, ಅವನ ಕುಣಿತಕ್ಕೆ ಹಾಡಿದವಳು. ಭಾರತದ ಕಂಚಿನಲ್ಲಿ ತಾಳ ಹಿಡಿದು ಕೂತಿದ್ದಾಳೆ. ಕಡಲಾಚೆಯ ಖ್ಮೇರರ ಕೆಂಪುಕಲ್ಲಿನಲ್ಲಿ ಕುಣಿಯುವ ಶಿವನ ಕಾಲ ಬಳಿ, ಮೂಲೆಯಲ್ಲಿ. ಎರಡರಲ್ಲೂ ಪಕ್ಕೆಲುಬು ಎಣಿಸಬಹುದು.

ಆಳದ ಟೊಳ್ಳುಗಳಿಗೆ ಮೊದಲು ಜೇಡಿಮಣ್ಣು ಮೆತ್ತುವುದು ಅಚ್ಚಿನವರ ಪದ್ಧತಿ, ಇಲ್ಲದಿದ್ದರೆ ಅಚ್ಚು ಸಿಕ್ಕಿಕೊಂಡು ಮೂಲವೇ ಮುರಿದೀತು. ಆಮೇಲೆ ಮೂಲವನ್ನು ನೋಡಿಕೊಂಡು ಪ್ರತಿಯಲ್ಲಿ ಆ ಟೊಳ್ಳುಗಳನ್ನು ಕೆತ್ತಬೇಕು. ಕಂಚಿನದ್ದು ಮುಗಿಯಿತು. ಕಲ್ಲಿನದ್ದರ ಪ್ರತಿಯಲ್ಲಿ ಪಕ್ಕೆಲುಬುಗಳ ನಡುವಿನ ಟೊಳ್ಳು ಕೆತ್ತಲು ಮರೆತೇಬಿಟ್ಟಳು. ಎರವಲು ತಂದಿದ್ದ ಕಲ್ಲು ಪೆಟ್ಟಿಗೆ ಸೇರಿ ವಾಪಸ್ ಹೋಯಿತು.

ಪರೀಕ್ಷಿಸಲು ಬಂದ ಕಣ್ಣು ಕಾಣದ ಮೇಡಂ ಆ ಪ್ರತಿಯ ಮೇಲೆ ಬೆರಳಾಡಿಸಿ, "ಇವಳು ಚೆನ್ನಾಗಿ ಉಂಡು ತಿಂದು ಇರೋಳು. ಆ ಇನ್ನೊಬ್ಬಳ ಥರ ಇಲ್ವಲ್ಲ" ಅಂದರು.

"ಸೋಮವಾರದೊಳಗೆ ಸರಿಹೋಗ್ದಿದ್ರೆ ತೆಗೆದುಬಿಡೋಣ, ಒಂದೇ ಸಾಕು" ಅಂದ ಮೇಲ್ವಿಚಾರಕ.

"ಬೇಡ. ಮೂಲೇಲಿದ್ರೂ ಅವಳು ಇರ್ಲಿ" ಅಂದಳಂತೆ ದೊಡ್ಡಮ್ಮ.

ಮರುದಿನ ಯಾವುದೋ ಕಾಗದಕ್ಕೆ ಸಹಿ ಬೇಕಾಗಿ ನಾನು ಅಲ್ಲಿಗೆ ಹೋದೆ. ಎದುರಿಗಿಟ್ಟಿದ್ದ ಮೂಲದ ಫೋಟೋದಲ್ಲಿ ಎಲುಬುಗಳೇನೋ ಕಾಣುತ್ತಿದ್ದವು, ನಡುವಿನ ಆಳ ತಿಳಿಯುತ್ತಿರಲಿಲ್ಲ. ದೊಡ್ಡಮ್ಮ ಎಡಗೈಯನ್ನು ಅಂಗಿಯೊಳಗೆ ತೂರಿಸಿ, ತನ್ನ ಪಕ್ಕೆಯನ್ನೇ ತಡವಿಕೊಳ್ಳುತ್ತ ಬಲಗೈಯಲ್ಲಿ ಕೆತ್ತುತ್ತಿದ್ದಳು.

"ಏನ್ ದೊಡ್ಡಮ್ಮ ಇದು?"

"ಅಳತೆಗೆ ಬೇರೆ ಯಾರು ಸಿಗ್ತಾರೆ ಹೇಳು. ನೀನಂತೂ ಕುಂಬಳಕಾಯಿ."

ನಕ್ಕೆ. ಸಹಿ ಹಾಕಿಸಿಕೊಂಡು ಹೊರಟೆ. ಕೂತ್ಕೋ ಅಂದಳು, ನನಗೆ ಅವಸರವಿತ್ತು.

ಪ್ರತಿ ಕೋಣೆ ಸೇರಿತು. ಮರುವರ್ಷ ದೊಡ್ಡಮ್ಮ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಮೈ ಒರೆಸುವಾಗ ಅವಳ ಎಡಪಕ್ಕೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಎಷ್ಟೋ ವರ್ಷಗಳ ಹಿಂದೆ ಏಣಿಯಿಂದ ಬಿದ್ದು ಮುರಿದು, ತಾನಾಗಿ ಕೂಡಿಕೊಂಡ ಎಲುಬಂತೆ.

"ನಮಗ್ಯಾಕೆ ಹೇಳ್ಲಿಲ್ಲ?"

"ನೀವು ಬಂದಾಗ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ವಾಸಿಯಾಗಿತ್ತು."

ಅದಾಗಿ ಹದಿನೈದು ದಿನಕ್ಕೆ ಹೋಗಿಬಿಟ್ಟಳು. ಮೊನ್ನೆ ಆ ಕೋಣೆಗೆ ಹೋಗಿ, ಕಣ್ಣು ಮುಚ್ಚಿ, ಮೂಲೆಯಲ್ಲಿ ಕೂತವಳನ್ನು ಮುಟ್ಟಿದೆ. ಎಡಪಕ್ಕೆಯಲ್ಲಿ ಸಾಸಿವೆಯಷ್ಟು ಗಂಟು. ಹಿಂದೆ ಜನ ಕಾಯುತ್ತಿದ್ದರು. ನಾನು ಕೈ ತೆಗೆಯಲಿಲ್ಲ.